ಸ್ಟೇಟ್‌ಬ್ಯಾಂಕಿನಿಂದ ಆಚೆಗೆ

ಮಂಗಳೂರು ಕಡಲ ತೀರದ ಊರು ಎಂದು ಭೂಗೋಳದ ಪುಸ್ತಕದಲ್ಲಿ ಓದಿಕೊಂಡು ಹೋದ ನನ್ನಂಥ ಬಯಲುಸೀಮೆಯ ಹುಡುಗನಿಗೆ ಆ ಊರು ಮೊದಲು ಕೊಟ್ಟದ್ದು ನಿರಾಸೆಯನ್ನೇ. ಹಂಪನಕಟ್ಟೆಯಲ್ಲಿ ನಿಂತು ಎಷ್ಟು ಕತ್ತು ಚಾಚಿದರೂ ಕಡಲು ಕಾಣಲಿಲ್ಲ. ರಥಬೀದಿಯಲ್ಲಿ ಮಲ್ಲಿಗೆ ಮಾರುವವರು ಕಂಡರು, ವೆಂಕಟರಮಣ ದೇವಸ್ಥಾನ ಕಂಡಿತು, ಕಡಲಿಲ್ಲ. ಅಡಿಕೆ, ಕೊಬ್ಬರಿ, ಕರಿಮೆಣಸಿನ ವಾಸನೆ ಹಿಡಿದು ಬಂದರಿನವರೆಗೂ ನಡೆದೆ. ಅಲ್ಲಿ ಎದುರಿಗಿದ್ದದ್ದು ನದಿ. ನದಿಯಾಚೆ ತೆಂಗಿನ ಮರಗಳ ಒಂದು ಉದ್ದನೆಯ ಸಾಲು. ಕಡಲು ಆ ಸಾಲಿನ ಹಿಂದಿದೆ ಎಂದು ಮೂಟೆ ಇಳಿಸುತ್ತಿದ್ದವರೊಬ್ಬರು ಕೈ ತೋರಿಸಿದರು.

ನಕ್ಷೆ ನೋಡಿದರೆ ಕಾರಣ ಗೊತ್ತಾಗುತ್ತದೆ. ದಕ್ಷಿಣದ ಕಡೆಯಿಂದ ನೇತ್ರಾವತಿ, ಉತ್ತರದ ಕಡೆಯಿಂದ ಗುರುಪುರ ನದಿ, ಅಂದರೆ ಫಲ್ಗುಣಿ, ಬಂದು ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಗುರುಪುರ ನದಿ ಕಡಲ ಹತ್ತಿರಕ್ಕೆ ಬಂದ ಮೇಲೂ ಒಳಗೆ ನುಗ್ಗುವುದಿಲ್ಲ. ದಕ್ಷಿಣಕ್ಕೆ ತಿರುಗಿ ತೀರದ ಪಕ್ಕದಲ್ಲೇ ಮೈಲುಗಟ್ಟಲೆ ಹರಿಯುತ್ತದೆ. ನದಿಗೂ ಕಡಲಿಗೂ ನಡುವೆ ಉಳಿದ ಮರಳಿನ ಪಟ್ಟಿಯೇ ತಣ್ಣೀರುಬಾವಿ ಮತ್ತು ಬೆಂಗರೆ. ಹಳೆಯ ಮಂಗಳೂರು ಬೆಳೆದದ್ದು ನದಿಯ ಈಚೆ ದಡದಲ್ಲಿ. ಅಲೆಯ ಹೊಡೆತ ತಾಗದ ಕಡೆ ಹಾಯಿಹಡಗು ಕಟ್ಟಿ, ಸರಕು ಇಳಿಸಿ, ಪೇಟೆ ಮಾಡಿದ್ದು ಹಿಂದಿನವರ ಜಾಣತನ. ಹಾಗಾಗಿ ಮಂಗಳೂರಿನಲ್ಲಿ ಕಡಲು ಬೇಕೆಂದರೆ ಪೇಟೆ ಬಿಟ್ಟು ಹೊರಗೆ ಹೋಗಬೇಕು. ಹಾಗೆ ಹೊರಗೆ ಹೋಗುತ್ತ ಹೋಗುತ್ತಲೇ ನನಗೆ ಆ ಊರು ಅರ್ಥವಾಗುತ್ತ ಬಂತು.

ನಮ್ಮದು ಅರಸೀಕೆರೆಯ ಕಡೆ. ಬ್ಯಾಂಕಿನಲ್ಲಿದ್ದ ಚಿಕ್ಕಪ್ಪನಿಗೆ ಎಂಬತ್ತರ ದಶಕದಲ್ಲಿ ಮಂಗಳೂರಿಗೆ ವರ್ಗವಾಯಿತು. ಕೆನರಾ ಬ್ಯಾಂಕು 1906ರಲ್ಲಿ, ಕರ್ಣಾಟಕ ಬ್ಯಾಂಕು 1924ರಲ್ಲಿ, ವಿಜಯಾ ಬ್ಯಾಂಕು 1931ರಲ್ಲಿ ಹುಟ್ಟಿದ್ದು ಅದೇ ಊರಿನಲ್ಲಿ. ಬ್ಯಾಂಕಿನವರಿಗೆ ಮಂಗಳೂರಿನ ವರ್ಗ ತವರಿಗೆ ಹೋದಂತೆ ಎಂದು ಚಿಕ್ಕಪ್ಪ ಹೆಮ್ಮೆಯಿಂದಲೇ ಹೊರಟರು. ಹಾಸನದಿಂದ ಮಂಗಳೂರಿಗೆ ಘಟ್ಟ ಇಳಿಯುವ ಮೀಟರ್‌ಗೇಜ್ ರೈಲು 1979ರಲ್ಲಿ ಶುರುವಾಗಿತ್ತು. ರಜೆ ಬಂದರೆ ನಾನು ಆ ರೈಲು ಹತ್ತುತ್ತಿದ್ದೆ. ಸಕಲೇಶಪುರ ದಾಟಿದ ಮೇಲೆ ಸುರಂಗದ ಹಿಂದೆ ಸುರಂಗ, ಎಡಕುಮೇರಿಯಲ್ಲಿ ಕಾಡಿನ ತಂಪು, ಪುತ್ತೂರಿನ ಹೊತ್ತಿಗೆ ಬೆನ್ನಿಗೆ ಅಂಟಿಕೊಂಡ ಅಂಗಿ.

ಊರು ತೋರಿಸಲು ಚಿಕ್ಕಪ್ಪನಿಗೆ ಪುರುಸೊತ್ತು ಇರಲಿಲ್ಲ. ‘ಲೋ, ಸ್ಟೇಟ್‌ಬ್ಯಾಂಕಿಗೆ ಹೋಗು. ಯಾವ ಬಸ್ಸಾದ್ರೂ ಸರಿ, ಹತ್ತು. ಕೊನೇ ಸ್ಟಾಪಿನವರೆಗೂ ಹೋಗಿ ಇಳಿದು ನೋಡು. ಕತ್ತಲಾಗೋಕೆ ಮುಂಚೆ ವಾಪಸ್ ಬಾ’ ಅಂದರು. ಸಿಟಿ ಬಸ್ಸುಗಳು ಬಂದು ಸೇರುವ ಜಾಗಕ್ಕೆ ಅಲ್ಲಿ ಸ್ಟೇಟ್‌ಬ್ಯಾಂಕ್ ಎಂದೇ ಹೆಸರು. ಸುತ್ತಲಿನ ಎಲ್ಲ ಬಸ್ಸುಗಳ ಹಣೆಯ ಮೇಲೂ ಅದೇ ಬರಹ. ನಮ್ಮ ಕಡೆ ಸರ್ಕಾರಿ ಕೆಂಪು ಬಸ್ಸಿಗೆ ಗಂಟೆಗಟ್ಟಲೆ ಕಾದು ರೂಢಿಯಾಗಿದ್ದ ನನಗೆ, ಒಂದರ ಬಾಲಕ್ಕೆ ಇನ್ನೊಂದು ಬರುವ ಖಾಸಗಿ ಬಸ್ಸುಗಳನ್ನು ಕಂಡು ಸೋಜಿಗ. ಗಾಜಿನ ಮೇಲೆ ಒಂದರಲ್ಲಿ ಗಣಪತಿ, ಇನ್ನೊಂದರಲ್ಲಿ ಸಂತ ಅಂತೋನಿ, ಮತ್ತೊಂದರಲ್ಲಿ ಉಳ್ಳಾಲದ ದರ್ಗಾ. ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರು ಸೀಟಿ ಊದುತ್ತ, ತುಳುವಿನಲ್ಲಿ ಒಬ್ಬರನ್ನು, ಕೊಂಕಣಿಯಲ್ಲಿ ಇನ್ನೊಬ್ಬರನ್ನು, ಬ್ಯಾರಿಯಲ್ಲಿ ಮತ್ತೊಬ್ಬರನ್ನು ಒಳಗೆ ತಳ್ಳುತ್ತಿದ್ದ. ನನ್ನ ಮುಖ ನೋಡಿದವನೇ ಕನ್ನಡಕ್ಕೆ ತಿರುಗಿ, ‘ಎಲ್ಲಿಗೆ ಮಾರಾಯ್ರೆ? ಮುಂದೆ ಹೋಗಿ, ಮುಂದೆ ಜಾಗ ಉಂಟು’ ಎನ್ನುತ್ತಿದ್ದ. ಮುಂದೆ ಜಾಗ ಇರುತ್ತಿರಲಿಲ್ಲ.

ಚಿಕ್ಕಪ್ಪನ ಬಾಡಿಗೆ ಮನೆ ಜೆಪ್ಪುವಿನಲ್ಲಿತ್ತು. ಮುರಕಲ್ಲಿನ ಗೋಡೆ, ಇಳಿಜಾರು ಹೆಂಚಿನ ಮಾಡು, ಅಂಗಳದಲ್ಲಿ ಹಲಸು. ಮನೆಯ ಒಡತಿ ಕೆಥೋಲಿಕ್ ಹೆಂಗಸು, ಚಿಕ್ಕಮ್ಮ ಅವರನ್ನು ಬಾಯಮ್ಮ ಎಂದು ಕರೆಯುತ್ತಿದ್ದರು. ಕ್ರಿಸ್‌ಮಸ್ ರಜೆಗೆ ಹೋದರೆ ಬಾಯಮ್ಮ ತಟ್ಟೆ ತುಂಬ ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ಕಳಿಸುತ್ತಿದ್ದರು. ‘ಇದರಲ್ಲಿ ಮೊಟ್ಟೆ ಇಲ್ಲ, ಇದರಲ್ಲಿ ಉಂಟು’ ಎಂದು ಬೇರೆ ಬೇರೆ ಮಾಡಿ ತೋರಿಸಿಯೂ ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಮೀನು ಬೇಯಿಸುವುದಿಲ್ಲವೆಂದು ಅವರಿಗೆ ನಿಜವಾದ ಮರುಕ. ‘ಪಾಪ, ಹುಡುಗ ಇಷ್ಟು ದೂರ ಬಂದು ಬಂಗುಡೆ ತಿನ್ನದೆ ಹೋಗುವುದಾ?’ ಎಂದು ಚಿಕ್ಕಮ್ಮನ ಎದುರಿಗೇ ಕೇಳುತ್ತಿದ್ದರು.

ಜೆಪ್ಪುವನ್ನು ಜೆಪ್ಪು ಮಾಡಿದ್ದು ಹೆಂಚು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಬಂದವರು ಮತಪ್ರಚಾರಕ್ಕಷ್ಟೇ ನಿಲ್ಲದೆ ಶಾಲೆ ತೆರೆದರು, ಮಗ್ಗ ಹಾಕಿದರು, ಅಚ್ಚುಕೂಟ ನಡೆಸಿದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ್ದು ಇಲ್ಲಿಂದಲೇ. ಮತ ಬದಲಿಸಿದ ಮೇಲೆ ಜಾತಿಯ ಕಸುಬು, ಆಶ್ರಯ ಎರಡನ್ನೂ ಕಳೆದುಕೊಂಡವರಿಗೆ ಕೂಲಿ ಕೊಡಬೇಕಿತ್ತು. 1865ರಲ್ಲಿ ಪ್ಲೆಬ್ಸ್ಟ್ ಎಂಬಾತ ನೇತ್ರಾವತಿಯ ದಂಡೆಯಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ. ಮೊದಲ ಮಹಾಯುದ್ಧದ ಕಾಲಕ್ಕೆ ಬ್ರಿಟಿಷರು ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡು ಕಾಮನ್‌ವೆಲ್ತ್ ಟ್ರಸ್ಟಿಗೆ ಒಪ್ಪಿಸಿದರು. ಅಷ್ಟರಲ್ಲಿ ಊರಿನವರೂ ಕೆಲಸ ಕಲಿತು ಎರಡೂ ನದಿಗಳ ದಂಡೆಗಳಲ್ಲಿ ಕಾರ್ಖಾನೆ ಎಬ್ಬಿಸಿದ್ದರು.

ನಾನು ಹೋಗುತ್ತಿದ್ದ ದಿನಗಳಲ್ಲಿ ಇನ್ನೂ ಕೆಲವು ಚಿಮಣಿಗಳಲ್ಲಿ ಹೊಗೆಯಾಡುತ್ತಿತ್ತು. ಬಾಯಮ್ಮನ ತಮ್ಮ ಒಂದು ಕಾರ್ಖಾನೆಯಲ್ಲಿ ಮೇಸ್ತ್ರಿ. ಒಂದು ಮಧ್ಯಾಹ್ನ ನನ್ನನ್ನು ಒಳಗೆ ಕರೆದುಕೊಂಡು ಹೋದರು. ದೋಣಿಯಲ್ಲಿ ಬಂದ ಜೇಡಿಮಣ್ಣು ರಾಶಿ ಬಿದ್ದಿತ್ತು. ಅದನ್ನು ನೀರು ಕುಡಿಸಿ ಹದಮಾಡುವುದು, ಹಲಗೆಯಂತೆ ಕತ್ತರಿಸುವುದು, ಅಚ್ಚಿನಲ್ಲಿಟ್ಟು ಒತ್ತುವುದು, ಬಿಸಿಲು ತಾಗದ ಹಾಗೆ ಅಟ್ಟಣಿಗೆಯಲ್ಲಿ ಒಣಗಿಸುವುದು, ಆಮೇಲೆ ಭಟ್ಟಿ. ಹಸಿ ಹೆಂಚು ತಲೆಯ ಮೇಲೆ ಹೊತ್ತು ಸಾಲಾಗಿ ನಡೆಯುತ್ತಿದ್ದವರು ಹೆಂಗಸರು. ‘ಬಿಸಿಲಿಗೆ ಇಟ್ಟರೆ ಬಿರುಕು ಬಿಡ್ತದೆ. ಅವಸರ ಮಾಡಿದವನಿಗೆ ಹೆಂಚು ಸಿಗುವುದಿಲ್ಲ’ ಅಂದರು ಮೇಸ್ತ್ರಿ. ನಮ್ಮೂರಿನ ಪ್ರಾಥಮಿಕ ಶಾಲೆಯ ಮಾಡಿಗೂ ಇದೇ ಹೆಂಚು ಹೊದೆಸಿದ್ದರು. ಪಾಠ ಕೇಳದೆ ತಲೆಯೆತ್ತಿ ಮೇಲೆ ನೋಡುತ್ತಿದ್ದ ನನಗೆ ಅದರ ಮೇಲಿನ ಅಕ್ಷರಗಳೆಲ್ಲ ಬಾಯಿಪಾಠವಾಗಿದ್ದವು. ಅವನ್ನು ಒತ್ತುವ ಕೈಗಳನ್ನು ಅವತ್ತು ನೋಡಿದೆ.

ಬಂದರಿಗೆ ಮತ್ತೆ ಹೋದದ್ದು ಬೆಳಗಿನ ಜಾವ, ಧಕ್ಕೆಯ ಹರಾಜು ನೋಡಲು. ಕತ್ತಲಿರುವಾಗಲೇ ದೋಣಿಗಳು ಬಂದು ನಿಂತಿದ್ದವು. ಬಂಗುಡೆ, ಬೂತಾಯಿ, ಅಂಜಲ್, ಕಾಣೆ, ಮಾಂಜಿ ಎಂದು ರಾಶಿ ರಾಶಿ. ಮಂಜುಗಡ್ಡೆ ಪುಡಿಮಾಡುವ ಯಂತ್ರದ ಸದ್ದಿನ ಮೇಲೆ ಹರಾಜಿನವರ ಕೂಗು. ಕೊಳ್ಳುವ ಹೆಂಗಸರು ಕಣ್ಣುಸನ್ನೆಯಲ್ಲೇ ಬೆಲೆ ಮುಗಿಸಿ, ಬುಟ್ಟಿ ಹೊತ್ತು ಮೊದಲ ಬಸ್ಸು ಹಿಡಿಯಲು ಓಡುತ್ತಿದ್ದರು. ಊರಿನ ಅಷ್ಟೂ ಅಡಿಗೆಮನೆಗಳ ಮಧ್ಯಾಹ್ನದ ಸಾರು ಆ ಹೊತ್ತಿಗೆ ಅಲ್ಲಿ ನಿಶ್ಚಯವಾಗುತ್ತಿತ್ತು. ಸ್ವಲ್ಪ ಆಚೆಗೆ ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳು, ಅಂದರೆ ಸರಕಿನ ದೋಣಿಗಳು. ಅಕ್ಕಿ, ತರಕಾರಿಯಿಂದ ಹಿಡಿದು ಮನೆ ಕಟ್ಟುವ ಜಲ್ಲಿಯವರೆಗೆ ಎಲ್ಲವನ್ನೂ ಹೇರಿಕೊಂಡು ಹೋಗಿ, ಕೊಬ್ಬರಿ ತುಂಬಿಕೊಂಡು ಬರುತ್ತವೆ. ಮಳೆಗಾಲದಲ್ಲಿ ಅವು ಹೊರಡುವುದಿಲ್ಲ.

ಅಲ್ಲಿಂದ ಬೆಂಗರೆಗೆ ದೋಣಿ. ಹತ್ತಿ ಕೂತವರಲ್ಲಿ ಶಾಲೆಯ ಮಕ್ಕಳೂ ಇದ್ದರು, ಪೇಟೆಯಿಂದ ಗ್ಯಾಸ್ ಸಿಲಿಂಡರ್ ಒಯ್ಯುವವರೂ ಇದ್ದರು, ಮಡಿಲಲ್ಲಿ ಕೋಳಿ ಇಟ್ಟುಕೊಂಡ ಅಜ್ಜಿಯೂ ಇದ್ದರು. ಕೆಲವೇ ನಿಮಿಷದ ದಾರಿ. ಇಳಿದು ಮರಳಿನ ಓಣಿಯಲ್ಲಿ ಪಡುವಣಕ್ಕೆ ನಡೆದರೆ ಇನ್ನೊಂದು ಬದಿಯಲ್ಲಿ ಕೊನೆಗೂ ಕಡಲು. ಈಚೆ ನದಿ ತೂಕಡಿಸುತ್ತಿದ್ದರೆ ಆಚೆ ಕಡಲು ಅಬ್ಬರಿಸುತ್ತಿತ್ತು. ತೋಟ ಬೆಂಗರೆಯಲ್ಲಿ ಮೊಗವೀರರ ಭಜನಾ ಮಂದಿರ, ಕಸಬಾ ಬೆಂಗರೆಯಲ್ಲಿ ಬ್ಯಾರಿಗಳ ಮಸೀದಿ. ಎರಡೂ ಕಡೆ ಅಂಗಳದಲ್ಲಿ ಬಲೆ ಹರಡಿಕೊಂಡು ಕೂತ ಗಂಡಸರು. ‘ರಾತ್ರಿ ಹೆರಿಗೆ ನೋವು ಬಂದರೆ ಏನು ಮಾಡ್ತೀರಿ?’ ಎಂದು ಒಬ್ಬರನ್ನು ಕೇಳಿದೆ. ‘ದೋಣಿಯವನನ್ನು ಎಬ್ಬಿಸುವುದು’ ಅಂದರು. ನದಿಯಾಚೆಗೆ ಆಸ್ಪತ್ರೆಗಳ ಊರು. ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗೆ ಔಷಧಿ ಕೊಡಲು ಶುರುಮಾಡಿದ್ದು 1880ರಲ್ಲಿ. ಅಂಥ ಊರಿನ ದೀಪಗಳು ಬೆಂಗರೆಯಿಂದ ಚೆನ್ನಾಗಿ ಕಾಣುತ್ತವೆ. ಉತ್ತರಕ್ಕೆ ತಣ್ಣೀರುಬಾವಿ, ಪಣಂಬೂರು ಸುತ್ತಿಕೊಂಡು ರಸ್ತೆಯೇನೋ ಇದೆ. ಆದರೆ ಕಣ್ಣೆದುರಿನ ಆಸ್ಪತ್ರೆಗೆ ಊರೆಲ್ಲ ಸುತ್ತಿ ಹೋಗಬೇಕು.

ಕಡಲು, ನದಿ, ಬೆಂಗರೆ, ಪೇಟೆ ಎಲ್ಲವನ್ನೂ ಒಟ್ಟಿಗೆ ನೋಡಬೇಕಾದರೆ ಬಾವುಟಗುಡ್ಡ ಹತ್ತಬೇಕು. 1837ರಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಮಂಗಳೂರನ್ನು ಹಿಡಿದು, ಕಂಪನಿಯವರ ಧ್ವಜ ಇಳಿಸಿ ತಮ್ಮ ಬಾವುಟ ಏರಿಸಿದ ಜಾಗ ಅದು. ಅವರ ಆಳ್ವಿಕೆ ಕೆಲವೇ ದಿನ ನಡೆಯಿತು. ಹಳೆಯ ದೀಪಸ್ತಂಭವೂ ಆ ಗುಡ್ಡದ ಮೇಲೆಯೇ. ಪಕ್ಕದ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿನಲ್ಲಿ ಇಟಲಿಯ ಮೊಸ್ಕೇನಿ 1899ರಿಂದ ಎರಡು ವರ್ಷ ಕೂತು ಗೋಡೆ, ಮಾಡು ಎಲ್ಲಕ್ಕೂ ಚಿತ್ರ ಬರೆದ. ಪ್ರವಾಸಿಗಳನ್ನು ಅಲ್ಲಿಗೆ, ಕದ್ರಿಯ ಮಂಜುನಾಥನಲ್ಲಿಗೆ, ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಕುದ್ರೋಳಿಯ ಗೋಕರ್ಣನಾಥನಲ್ಲಿಗೆ ಎಲ್ಲರೂ ಕರೆದೊಯ್ಯುತ್ತಾರೆ. ಕದ್ರಿಯ ಲೋಕೇಶ್ವರನ ಕಂಚಿನ ವಿಗ್ರಹಕ್ಕೆ 968ನೇ ಇಸವಿಯ ಶಾಸನವಿದೆ. ಅದರೆದುರು ನಿಂತರೆ ಕೈಯಲ್ಲಿನ ಮಂಗಳಾರತಿಯ ತಟ್ಟೆಯನ್ನೂ ಮರೆಯುತ್ತೇವೆ. ಇವನ್ನೆಲ್ಲ ನಾನೂ ನೋಡಿದೆ, ಮೆಚ್ಚಿದೆ. ಆದರೆ ಬಸ್ಸಿನ ಕೊನೆಯ ಸ್ಟಾಪುಗಳು ಹೇಳಿದ್ದು ಬೇರೆ ಕತೆ.

ಉಳ್ಳಾಲದ ಬಸ್ಸು ಜೆಪ್ಪಿನಮೊಗರು ದಾಟಿ ನೇತ್ರಾವತಿಯ ಸೇತುವೆ ಹತ್ತುತ್ತದೆ. ಪಕ್ಕದಲ್ಲೇ ಕೇರಳಕ್ಕೆ ಹೋಗುವ ರೈಲಿನ ಸೇತುವೆ. 1907ರಲ್ಲಿ ಮಂಗಳೂರಿಗೆ ರೈಲು ಬಂದದ್ದು ಆ ಕಡೆಯಿಂದ. 1956ರವರೆಗೆ ಜಿಲ್ಲೆಯೇ ಮದ್ರಾಸಿಗೆ ಸೇರಿತ್ತು. ಊರಿನ ಹಿರಿಯರಿಗೆ ಮೈಸೂರಿಗಿಂತ ಮದ್ರಾಸು ಹತ್ತಿರವಾಗಿದ್ದರಲ್ಲಿ ಆಶ್ಚರ್ಯವಿಲ್ಲ. ತೊಕ್ಕೊಟ್ಟಿನಲ್ಲಿ ಎಡಕ್ಕೆ ಹೋದರೆ ದೇರಳಕಟ್ಟೆ, ಬಲಕ್ಕೆ ತಿರುಗಿದರೆ ಉಳ್ಳಾಲ. ಪೋರ್ಚುಗೀಸರನ್ನು ಎದುರಿಸಿದ ಅಬ್ಬಕ್ಕನ ಊರು. 1623ರಲ್ಲಿ ಈ ಕಡೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ದಾರಿಯಲ್ಲೇ ಕಂಡ. ಆಕೆ ಬರಿಗಾಲಿನಲ್ಲಿ, ತೋಡುತ್ತಿದ್ದ ಕಾಲುವೆಯ ಕೆಲಸ ನೋಡಲು ಹೊರಟಿದ್ದಳು ಎಂದು ಬರೆದಿದ್ದಾನೆ. ಕುದುರೆಯ ಮೇಲೆ ಕತ್ತಿ ಎತ್ತಿದ ಅಬ್ಬಕ್ಕನ ಪ್ರತಿಮೆಗಳಿಗಿಂತ ಆ ಬರಿಗಾಲಿನ ರಾಣಿಯೇ ನನಗೆ ಹೆಚ್ಚು ಹಿಡಿಸಿದಳು.

ಮಳೆಗಾಲದಲ್ಲಿ ಉಳ್ಳಾಲಕ್ಕೆ ಹೋದಾಗ ಕಂಡದ್ದು ಹಿಂಬಾಗಿಲು ಕಡಲಿಗೆ ಬಿದ್ದ ಮನೆ. ಎದುರಿನ ಅರ್ಧದಲ್ಲಿ ಇನ್ನೂ ಒಲೆ ಉರಿಯುತ್ತಿತ್ತು. ಲಾರಿಗಳಲ್ಲಿ ತಂದ ಬಂಡೆಗಳನ್ನು ತೀರದುದ್ದಕ್ಕೂ ಸುರಿದಿದ್ದರು. ಅಳಿವೆಗೆ ಕಲ್ಲಿನ ತಡೆಗೋಡೆ ಕಟ್ಟಿದ ಮೇಲೆ ಬೆಂಗರೆಯಲ್ಲಿ ಮರಳು ಬೆಳೆಯುತ್ತಿದೆ, ನಮ್ಮ ಕಡೆ ಕರಗುತ್ತಿದೆ ಎಂಬುದು ಅಲ್ಲಿನವರ ದೂರು. ‘ಅಜ್ಜನ ಕಾಲದಲ್ಲಿ ಕಡಲಿಗೆ ಹೋಗಬೇಕಾದರೆ ಎರಡು ಸಾಲು ತೆಂಗು ದಾಟಬೇಕಿತ್ತು. ಈಗ ಅದೇ ಬರ್ತದೆ’ ಎಂದು ಮನೆಯ ಯಜಮಾನರು ನಗುತ್ತಲೇ ಹೇಳಿದರು. ಅವರ ಮನೆಯಲ್ಲೇ ನಾನು ಮೊದಲ ಸಲ ಬಂಗುಡೆ ತಿಂದದ್ದು. ಚಿಕ್ಕಮ್ಮನಿಗೆ ಇಂದಿಗೂ ಗೊತ್ತಿಲ್ಲ.

ಉತ್ತರದ ಬಸ್ಸುಗಳ ದಾರಿಯೇ ಬೇರೆ. ಕೊಟ್ಟಾರ ಚೌಕಿ, ಕೂಳೂರು ಸೇತುವೆ, ಪಣಂಬೂರು, ಬೈಕಂಪಾಡಿ, ಸುರತ್ಕಲ್. ಹಳೆ ಬಂದರಿನಲ್ಲಿ ದೊಡ್ಡ ಹಡಗು ನಿಲ್ಲುವಷ್ಟು ಆಳವಿಲ್ಲ. ಅದಕ್ಕಾಗಿ ಪಣಂಬೂರಿನಲ್ಲಿ ನೆಲವನ್ನೇ ತೋಡಿ, ಕಡಲನ್ನು ಒಳಗೆ ಕರೆದು ನವಮಂಗಳೂರು ಬಂದರು ಮಾಡಿದರು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳಲ್ಲಿ ಒಂದೆನಿಸಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಅದರ ಬೆನ್ನಿಗೇ ರಸಗೊಬ್ಬರ ಕಾರ್ಖಾನೆ ಬಂತು. ಕುದುರೆಮುಖದ ಅದಿರು ನೀರಿನಲ್ಲಿ ಕಲಸಿಕೊಂಡು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿದು ಬಂತು. ಆಮೇಲೆ ತೈಲ ಶುದ್ಧೀಕರಣ ಘಟಕವೂ ಬಂತು. ಈ ಬಂದರು, 1960ರಲ್ಲಿ ಶುರುವಾದ ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು, ಬಜಪೆಯ ವಿಮಾನ ನಿಲ್ದಾಣ ಮೂರರ ಹಿಂದೆಯೂ ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರ ಓಡಾಟವಿತ್ತು. 1965ರಲ್ಲಿ ತೀರಿಕೊಂಡ ಅವರು ಬಂದರು ಪೂರ್ತಿಯಾದದ್ದನ್ನು ನೋಡಲಿಲ್ಲ.

ಆ ದಾರಿಯಲ್ಲಿ ನನಗೆ ಮರೆಯಲಾಗದ್ದು ಕಾಟಿಪಳ್ಳ. ಬಸ್ಸಿನಲ್ಲಿ ಕಂಡಕ್ಟರು ‘ಮೂರನೇ ಬ್ಲಾಕ್, ಏಳನೇ ಬ್ಲಾಕ್’ ಎಂದು ಕೂಗುವುದು ಕೇಳಿ ಬೆಂಗಳೂರಿನ ಜಯನಗರದಂಥ ಬಡಾವಣೆ ಇರಬೇಕು ಎಂದುಕೊಂಡು ಇಳಿದೆ. ಅದು ಬಂದರಿಗೆ ಮನೆ, ಗದ್ದೆ ಬಿಟ್ಟುಕೊಟ್ಟವರನ್ನು ತಂದು ಕೂರಿಸಿದ ಜಾಗ. ಕಾಟಿಪಳ್ಳ, ಕೃಷ್ಣಾಪುರ ಎರಡರಲ್ಲೂ ಹೀಗೆ ಬ್ಲಾಕುಗಳಿವೆ. ಚಿಕ್ಕಪ್ಪನ ಸಹೋದ್ಯೋಗಿಯೊಬ್ಬರ ಮನೆ ಅಲ್ಲಿತ್ತು. ಅವರ ತಾಯಿ ನನಗೆ ನೀರುದೋಸೆ ಹಾಕಿಕೊಡುತ್ತ ಹೇಳಿದರು: ‘ಅಲ್ಲಿ ಮರಳು ನೆಲ. ಸ್ವಲ್ಪ ತೋಡಿದರೆ ಸಿಹಿನೀರು. ಇಲ್ಲಿ ಬರೀ ಮುರಕಲ್ಲು. ಬಾವಿ ತೋಡಿ ತೋಡಿ ನಮ್ಮವರ ಕೈ ಸೋತಿತು.’ ಪಣಂಬೂರಿನಲ್ಲಿ ಅವರ ಗದ್ದೆ ಎಲ್ಲಿತ್ತು ಎಂದು ಕೇಳಿದೆ. ‘ಈಗ ಅಲ್ಲಿ ಹಡಗು ನಿಲ್ತದೆ’ ಅಂದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ. ಒಬ್ಬ ಮಗನಿಗೆ ಬ್ಯಾಂಕಿನಲ್ಲಿ, ಇನ್ನೊಬ್ಬನಿಗೆ ಬಂದರಿನಲ್ಲೇ ಕೆಲಸ ಸಿಕ್ಕಿತ್ತು.

ಚಿಕ್ಕಪ್ಪನಿಗೆ ಮತ್ತೆ ವರ್ಗವಾಯಿತು. ಆದರೂ ನಾನು ಮಂಗಳೂರಿಗೆ ಹೋಗುವುದನ್ನು ಬಿಡಲಿಲ್ಲ. ಗೇಜು ಬದಲಿಸಲು 1996ರಲ್ಲಿ ನಿಂತ ಘಟ್ಟದ ರೈಲಿನಲ್ಲಿ ಮತ್ತೆ ಪ್ರಯಾಣಿಕರು ಕೂತದ್ದು 2007ರ ಕೊನೆಗೆ. ನಡುವಿನ ವರ್ಷಗಳಲ್ಲಿ ಶಿರಾಡಿ ಘಟ್ಟದ ರಸ್ತೆಯ ಗುಂಡಿಗಳಲ್ಲಿ ಎದ್ದುಬಿದ್ದು ಹೋದೆ. ಹೋದಾಗಲೆಲ್ಲ ಜೆಪ್ಪುವಿನ ಕಡೆ ಒಂದೊಂದು ಚಿಮಣಿ ತಣ್ಣಗಾಗಿರುತ್ತಿತ್ತು. ತಾರಸಿ ಮನೆಗಳು ಬಂದು ಹೆಂಚು ಕೇಳುವವರು ಕಡಿಮೆಯಾದರು. ಜೇಡಿಮಣ್ಣು ಸಿಗುವುದೂ ಕಷ್ಟವಾಯಿತು. ಬಾಯಮ್ಮನ ಮಕ್ಕಳು ಕೊಲ್ಲಿಗೆ ಹೋದರು. ಹಲಸಿನ ಮರದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ನಿಂತಿದೆ. ಹೊಸ ಮಾಲ್‌ಗಳು, ಕಾಂಕ್ರೀಟ್ ರಸ್ತೆಗಳು, ಆಸ್ಪತ್ರೆ ಕಾಲೇಜುಗಳ ಕಟ್ಟಡಗಳು ಬೆಳೆದಿವೆ. ಊರು ಚೆಂದವಾಗಿದೆ ಎನ್ನುವುದರಲ್ಲಿ ನನಗೆ ತಕರಾರಿಲ್ಲ.

ನನ್ನ ತಕರಾರಿರುವುದು ನಾವು ಊರು ನೋಡುವ ರೀತಿಯ ಮೇಲೆ. ಪ್ರವಾಸಿಗೆ ಕೊಡುವ ಪಟ್ಟಿಯಲ್ಲಿ ನಾಲ್ಕು ದೇವಸ್ಥಾನ, ಎರಡು ಇಗರ್ಜಿ, ಮೂರು ಬೀಚು, ಕೊನೆಗೆ ಒಂದು ಗಡ್‌ಬಡ್ ಐಸ್‌ಕ್ರೀಮು ಇರುತ್ತವೆ. ಈ ಊರನ್ನು ಕಟ್ಟಿದ ಮಣ್ಣು, ಮೀನು, ಹಡಗು ಯಾವುದೂ ಪೇಟೆಯ ನಡುವೆ ಇರಲಿಲ್ಲ. ಎಲ್ಲವೂ ಅಂಚಿನಲ್ಲಿದ್ದವು. ಊರಿನ ಬೆಳವಣಿಗೆಗೆ ನೆಲ ಕೊಟ್ಟವರೂ, ನೆಲ ಕಳೆದುಕೊಂಡವರೂ ಅಂಚಿನವರೇ. ಕಡಲ ಊರಿನ ಲೆಕ್ಕಪುಸ್ತಕದಲ್ಲಿ ಆದಾಯ ಹಂಪನಕಟ್ಟೆಯಲ್ಲಿ ಕಾಣುತ್ತದೆ, ಖರ್ಚು ಉಳ್ಳಾಲ, ಬೆಂಗರೆ, ಕಾಟಿಪಳ್ಳಗಳಲ್ಲಿ ಬರೆದಿರುತ್ತದೆ. ಎರಡೂ ಪುಟ ಓದದೆ ಮಂಗಳೂರನ್ನು ನೋಡಿದೆವು ಎನ್ನುವುದು ಸರಿಯಲ್ಲ.

ನೀವು ಘಟ್ಟದ ಮೇಲಿನಿಂದ ಹೋಗುವವರಾದರೆ ಕಾರನ್ನು ಹೋಟೆಲಿನಲ್ಲೇ ಬಿಡಿ. ಒಂದು ದಿನವನ್ನಾದರೂ ಬಸ್ಸಿಗೆ, ದೋಣಿಗೆ ಕೊಡಿ. ಜೂನ್, ಜುಲೈಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ರಜೆ. ಧಕ್ಕೆ ನೋಡುವ ಆಸೆಯಿದ್ದರೆ ಆ ತಿಂಗಳು ಬಿಟ್ಟು ಹೋಗಿ. ಜೇಬಿನಲ್ಲಿ ಚಿಲ್ಲರೆ ಇರಲಿ. ಭಾಷೆ ಬರದೆಂಬ ಅಳುಕು ಬೇಡ, ನಿಮ್ಮ ಮುಖ ನೋಡಿಯೇ ಅವರು ಕನ್ನಡಕ್ಕೆ ತಿರುಗುತ್ತಾರೆ. ಯಾರಾದರೂ ಮನೆಯೊಳಗೆ ಕರೆದರೆ ಹೋಗಿ ಕೂತುಕೊಳ್ಳಿ, ಮೊದಲು ಎಲ್ಲಿದ್ದಿರಿ ಎಂದು ಅವರನ್ನು ಕೇಳಿ.